ಯಜಮಾನರ ಅಳತೆ

ಬೈಕು ಅವಳದು. ಅದರ ಹ್ಯಾಂಡಲ್ಲು, ಹಿಂದುಮುಂದಿನ ಸ್ಪ್ರಿಂಗು ಎಲ್ಲವನ್ನೂ ಅವಳ ಗಂಡನ ಮೈಯಳತೆಗೆ ಕೂರಿಸಿ ಕೊಟ್ಟರು.

ಕೂರಿಸಿದವನು ಗ್ಯಾರೇಜಿನ ಮೇಸ್ತ್ರಿ. ಅಳತೆ ಕೊಟ್ಟವನು ಗಂಡ. ಹಾಗೆ ಮಾಡಲು ಹೇಳಿದ್ದು ಮಾತ್ರ ಅವಳೇ ಎಂದು ಇಬ್ಬರೂ ಒಂದೇ ಬಾಯಲ್ಲಿ ಹೇಳುತ್ತಾರೆ. ಅದು ಪೂರ್ತಿ ಸುಳ್ಳಲ್ಲ ಎಂಬುದೇ ಅವಳಿಗೆ ಮೈಯುರಿಯುವ ಸಂಗತಿ.

ಊರಿನ ಹೊಲಿಗೆ ಶೆಡ್ಡುಗಳಲ್ಲಿ ಅವಳನ್ನು ಮಷೀನಕ್ಕ ಎನ್ನುತ್ತಾರೆ. ಕೆಟ್ಟು ನಿಂತ ಹೊಲಿಗೆ ಯಂತ್ರಗಳನ್ನು ರಿಪೇರಿ ಮಾಡುವುದು ಅವಳ ಕಸುಬು. ಶೆಡ್ಡುಗಳು ಒಂದೇ ಕಡೆ ಇಲ್ಲ. ಒಂದು ರೈಲು ಹಳಿಯಾಚೆ, ಒಂದು ಗೋದಾಮುಗಳ ಬೆನ್ನಿಗೆ, ಇನ್ನೊಂದು ಊರು ಮುಗಿದ ಮೇಲೆ ಸಿಗುವ ಕಲ್ಲುಕ್ವಾರಿಯ ರಸ್ತೆಯಲ್ಲಿ. ಯಂತ್ರ ನಿಂತರೆ ಅದರ ಮುಂದೆ ಕೂತ ಹೆಂಗಸಿನ ಕೂಲಿಯೂ ನಿಂತಂತೆ. ಹಾಗಾಗಿ ಅವಳಿಗೆ ಬರುವ ಫೋನುಗಳೆಲ್ಲ ಅವಸರದವು, ಅರ್ಧ ಬೈಗುಳದವು. ‘ಎಲ್ಲಿದ್ದೀಯ ಮಷೀನಕ್ಕ, ಇವತ್ತು ಬರ್ತೀಯೋ ಮುಂದಿನ ಜನ್ಮಕ್ಕೋ?’

ಉಪಕರಣದ ಪೆಟ್ಟಿಗೆ, ಎಣ್ಣೆಯ ಡಬ್ಬಿ, ಒಮ್ಮೊಮ್ಮೆ ಬಿಚ್ಚಿದ ಮೋಟಾರು, ಇಷ್ಟೆಲ್ಲ ಹೊತ್ತು ತಿರುಗಲು ಅವಳು ಕೊಂಡದ್ದು ಒಂದು ಹಳೆಯ ಕ್ರೂಸರ್ ಬೈಕು. ಬೀದಿಯವರು ನಕ್ಕರು. ಅಂಥ ಬೈಕಿನಲ್ಲಿ ಮೀಸೆಯ ಗಂಡಸರು ಎದೆಯುಬ್ಬಿಸಿಕೊಂಡು ಹೋಗುವುದನ್ನು ನೋಡಿ ಅವರಿಗೆ ರೂಢಿ. ಅವಳು ಕೊಂಡದ್ದು ಎದೆಯುಬ್ಬಿಸಲಿಕ್ಕಲ್ಲ. ಅದರ ಸೀಟು ತಗ್ಗು. ಅವಳಂಥ ಗಿಡ್ಡನೆಯವಳಿಗೂ ಎರಡು ಪಾದ ನೆಲಕ್ಕೆ ಪೂರ್ತಿ ಊರುತ್ತಿದ್ದವು. ಎರಡು ಪಕ್ಕದ ಚರ್ಮದ ಚೀಲಗಳಲ್ಲಿ ಅವಳ ಇಡೀ ವರ್ಕ್‌ಶಾಪು ಹಿಡಿಸುತ್ತಿತ್ತು.

ತೊಂದರೆ ಇದ್ದದ್ದು ಬೇರೆ ಕಡೆ. ಹ್ಯಾಂಡಲ್ಲು ದೂರ. ಹಿಡಿಯಲು ಅವಳು ಮುಂದಕ್ಕೆ ಬಾಗಿ, ತೋಳು ಚಾಚಿ, ಮೈಭಾರವನ್ನೆಲ್ಲ ಮಣಿಕಟ್ಟಿನ ಮೇಲೆ ಬಿಡಬೇಕಾಗಿತ್ತು. ಹಿಂದಿನ ಶಾಕ್‌ ಅಬ್ಸಾರ್ಬರ್‌ಗಳು ಸತ್ತು ಎಷ್ಟು ಕಾಲವಾಗಿತ್ತೋ. ಟೈರು ಕಲ್ಲಿನಂತೆ ಗಟ್ಟಿಯಾಗಿ ಬಿರುಕು ಬಿಟ್ಟಿದ್ದವು. ಕ್ವಾರಿಯ ರಸ್ತೆಯಲ್ಲಿ ಹೋಗಿ ಬಂದರೆ ಬೆರಳಿಗೆ ಜೋಮು. ಬೇರೆ ಕಸುಬಿನವರಾದರೆ ಕೈ ಕೊಡವಿಕೊಂಡು ಸುಮ್ಮನಾಗಬಹುದು. ಹೊಲಿಗೆ ಯಂತ್ರದಲ್ಲಿ ಸೂಜಿ ಇಳಿಯುವ ಹೊತ್ತು, ಅಡಿಯ ಕೊಕ್ಕೆ ದಾರವನ್ನು ಎತ್ತಿಕೊಳ್ಳುವ ಹೊತ್ತು, ಎರಡೂ ಕೂದಲೆಳೆಯಷ್ಟು ತಪ್ಪದೆ ಕೂಡಬೇಕು. ಅದನ್ನು ಅವಳು ಬೆರಳಿನಲ್ಲಿ ತಿಳಿಯುತ್ತಿದ್ದಳು. ಬೆರಳು ಹೋದರೆ ಕಸುಬೇ ಹೋಯಿತು.

ಅವಳ ಗಂಡ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವನು. ಆಳು ಎತ್ತರ, ಮೈ ಭಾರ, ಮಾತು ಮೃದು. ದಿನವೂ ಅಂಗಡಿಯಿಂದ ಏನಾದರೂ ತರುತ್ತಿದ್ದ. ಮುಲಾಮು, ಮಣಿಕಟ್ಟಿನ ಪಟ್ಟಿ, ಬೆನ್ನಿನ ಬೆಲ್ಟು. ಅವಳು ಅವನ್ನೆಲ್ಲ ಒಂದು ದಿನ ಅವನ ಮುಂದೆ ಹರವಿ, ‘ರೀ, ನನಗೆ ಬೇಕಾಗಿರೋದು ಔಷಧಿ ಅಲ್ಲ, ಹ್ಯಾಂಡಲ್ಲು’ ಎಂದಳು. ಅವನು ನಕ್ಕ. ಅವನು ಯಾವುದಕ್ಕೂ ನಗುತ್ತಿದ್ದ.

ಗ್ಯಾರೇಜಿಗೆ ಬೈಕು ಬಿಟ್ಟ ದಿನ ಮೇಸ್ತ್ರಿ ಬೇರೆ ಯಾವುದೋ ಎಂಜಿನ್ನಿನೊಳಗೆ ಮೊಳಕೈವರೆಗೆ ಇಳಿದಿದ್ದ. ತಲೆ ಎತ್ತದೆಯೇ ಕೇಳಿಸಿಕೊಂಡ.

‘ಹ್ಯಾಂಡಲ್ಲು ಬದಲಾಯಿಸು. ಶಾಕ್‌ ಹೊಸದು ಹಾಕು. ಮುಂದಿನ ಫೋರ್ಕಿನ ಸ್ಪ್ರಿಂಗೂ ನೋಡು. ಎರಡೂ ಟೈರು. ಒಟ್ಟಿನಲ್ಲಿ ಆರಾಮಾಗಿ ಕೂತು ಓಡಿಸೋ ಹಾಗೆ ಮಾಡು.’

‘ಆಯ್ತಕ್ಕ. ಅಳತೆ ಏನಾದ್ರೂ ಬೇಕಾದ್ರೆ ಫೋನ್ ಮಾಡ್ತೀನಿ.’

ಫೋನು ಬಂದಾಗ ಅವಳು ಗೋದಾಮಿನ ಹಿಂದಿನ ಶೆಡ್ಡಿನಲ್ಲಿ, ಮೇಜಿನಡಿ ಮಲಗಿ, ಸಡಿಲಾದ ಬೆಲ್ಟು ಬಿಗಿಯುತ್ತಿದ್ದಳು. ಸುತ್ತ ಯಂತ್ರಗಳ ಸದ್ದು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡಳು.

‘ಅಕ್ಕಾ, ಸ್ಪ್ರಿಂಗು ಒಬ್ಬೊಬ್ಬರ ತೂಕಕ್ಕೆ ಒಂದೊಂದು ಬರುತ್ತೆ. ಯಾರ ಅಳತೆಗೆ ಹಾಕ್ಲಿ?’

‘ಇದೇನು ಕೇಳ್ತೀಯಪ್ಪ? ಯಜಮಾನ್ರ ಅಳತೆಗೇ ಹಾಕು. ಇನ್ಯಾರ ಅಳತೆಗೆ ಹಾಕ್ತೀಯ?’

ಶೆಡ್ಡುಗಳಲ್ಲಿ ಯಜಮಾನರು ಎಂದರೆ ಯಂತ್ರ ಯಾರದೋ ಅವರು. ಹಳಿಯಾಚೆಯ ಶೆಡ್ಡನ್ನು ನಡೆಸುವುದು ಒಬ್ಬ ಹೆಂಗಸು. ಅವಳನ್ನೂ ಎಲ್ಲರೂ ಯಜಮಾನರು ಎಂದೇ ಕರೆಯುತ್ತಾರೆ. ‘ಯಜಮಾನ್ರನ್ನ ಕೇಳಿ ಬಿಚ್ಚಿ’, ‘ಯಜಮಾನ್ರು ಬರ್ಲಿ’ — ಮಷೀನಕ್ಕನ ಕಿವಿಯಲ್ಲಿ ಆ ಪದಕ್ಕೆ ಎಷ್ಟೋ ವರ್ಷದಿಂದ ಇದ್ದದ್ದು ಅದೊಂದೇ ಅರ್ಥ. ಮೇಸ್ತ್ರಿಯ ಕಿವಿಯಲ್ಲಿ ಇನ್ನೊಂದಿತ್ತು. ಮದುವೆಯಾದ ಹೆಂಗಸಿನ ಬಾಯಲ್ಲಿ ಆ ಪದ ಬಂದರೆ ಅದಕ್ಕೆ ಬೇರೆ ಅರ್ಥವೇ ಇಲ್ಲವೆಂದು ಅವನು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದಿದ್ದ. ಅವನು ನೇರ ಔಷಧಿ ಅಂಗಡಿಗೆ ಫೋನು ಮಾಡಿದ.

ಕೆಲಸ ಮುಗಿದ ಸಂಜೆ ಬೈಕು ಗ್ಯಾರೇಜಿನ ಬಾಗಿಲಲ್ಲಿ ತೊಳೆದು ನಿಂತಿತ್ತು. ಹೊಸ ಹ್ಯಾಂಡಲ್ಲು ಅಗಲವಾಗಿ, ಎತ್ತರವಾಗಿ ಹರಡಿಕೊಂಡು ಹೊಳೆಯುತ್ತಿತ್ತು. ಹೊಸ ಶಾಕ್‌ನಿಂದಾಗಿ ಹಿಂಬದಿ ಎದ್ದು ನಿಂತಿತ್ತು. ಅವಳು ಕಾಲು ದಾಟಿಸಿ ಕೂತಳು. ಹೆಬ್ಬೆರಳು ಮಾತ್ರ ನೆಲ ಮುಟ್ಟಿತು. ಕೈ ಚಾಚಿದಳು. ಹ್ಯಾಂಡಲ್ಲು ಮೊದಲಿಗಿಂತ ದೂರ. ಎಡಕ್ಕೆ ಪೂರ್ತಿ ತಿರುಗಿಸಿದಾಗ ಬಲಗಡೆಯ ಹಿಡಿ ಅವಳ ಕೈಯಿಂದಲೇ ಜಾರಿ ಹೋಯಿತು. ಮತ್ತೆ ತಿರುಗಿಸಿ ನೋಡಿದಳು. ಮತ್ತೆ ಹೋಯಿತು.

‘ಮೇಸ್ತ್ರಿ, ಇದ್ಯಾರ ಅಳತೆ?’

‘ಯಜಮಾನ್ರದ್ದೇ ಅಕ್ಕ. ನೀವು ಹೇಳಿದ ಹಾಗೇ.’

‘ಯಜಮಾನ್ರು ಅಂದ್ರೆ ನಾನು.’

ಮೇಸ್ತ್ರಿ ಕೈಯ ಎಣ್ಣೆ ಒರೆಸುವುದನ್ನು ನಿಲ್ಲಿಸಿ ಅವಳನ್ನು ನೋಡಿದ. ‘ನೀವು ಹೇಗಕ್ಕ ಯಜಮಾನ್ರಾಗ್ತೀರಿ? ನಿಮ್ಮ ಯಜಮಾನ್ರು ಔಷಧಿ ಅಂಗಡೀಲಿಲ್ವಾ?’

‘ಅವರು ನನ್ನ ಗಂಡ. ನಾನು ಹೇಳಿದ್ದು ಗಾಡಿ ಯಜಮಾನ್ರು.’

‘ಅದೇ. ಗಾಡಿ ಯಜಮಾನ್ರು, ನಿಮ್ಮ ಯಜಮಾನ್ರು, ಇಬ್ಬರೂ ಒಬ್ಬರೇ ಅಲ್ವಾ?’

‘ಗಾಡಿ ಯಾರ ಹೆಸರಲ್ಲಿದೆ?’

‘ಹೆಸರು ಬಿಡಿ ಅಕ್ಕ. ನನ್ನ ಗ್ಯಾರೇಜು ನನ್ನ ಹೆಂಡತಿ ಹೆಸರಲ್ಲಿದೆ. ಹಾಗಂತ ಅವಳನ್ನ ಯಜಮಾನ್ರು ಅನ್ನಕ್ಕಾಗುತ್ತಾ?’

‘ಯಾಕಾಗಲ್ಲ?’

ಮೇಸ್ತ್ರಿಗೆ ಆ ಪ್ರಶ್ನೆ ಅರ್ಥವೇ ಆಗಲಿಲ್ಲ. ಅವನು ಕೆಟ್ಟವನಲ್ಲ, ಕೆಲಸಗಳ್ಳನೂ ಅಲ್ಲ. ಸ್ಪ್ಯಾನರು ತಂದು, ಕುಕ್ಕರುಗಾಲಿನಲ್ಲಿ ಕೂತು, ಶಾಕ್‌ನ ಬಿಗಿತವನ್ನು ತಿರುಗಿಸಿ ತಿರುಗಿಸಿ ಸಡಿಲ ಮಾಡಿದ. ಕೂರಲು ಹೇಳಿದ. ಅವಳು ಕೂತಳು. ಸ್ಪ್ರಿಂಗು ಅವಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

‘ಇದಕ್ಕಿಂತ ಕಮ್ಮಿ ಅಡ್ಜಸ್ಟ್ ಆಗಲ್ಲ ಅಕ್ಕ. ಇದು ಭಾರದವರ ಸ್ಪ್ರಿಂಗು. ಇನ್ನು ನೀವೇ ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕು.’

ಈ ಮಾತನ್ನು ಅವಳು ಬೇರೆ ಬೇರೆ ಬಾಯಲ್ಲಿ, ಬೇರೆ ಬೇರೆ ಸಂದರ್ಭದಲ್ಲಿ ಕೇಳಿದ್ದಳು. ಸ್ಪ್ರಿಂಗಿನ ಪರವಾಗಿ ಕೇಳಿದ್ದು ಅದೇ ಮೊದಲು.

ಮನೆಯಲ್ಲಿ ಗಂಡ ಬಾಗಿಲಲ್ಲೇ ಕಾದಿದ್ದ. ‘ಬಂತಾ? ಹೇಗಿದೆ?’ ಎನ್ನುತ್ತಾ ಹೋಗಿ ಬೈಕಿನ ಮೇಲೆ ಕೂತ. ಬೈಕು ಅವನಡಿ ಮೆತ್ತಗೆ ತಗ್ಗಿ, ಹದವಾಗಿ ನಿಂತಿತು. ತೋಳು ತಾನಾಗಿ ಹ್ಯಾಂಡಲ್ಲಿಗೆ ಹೋಗಿ ಕೂತಿತು. ಬೆನ್ನು ನೆಟ್ಟಗಿತ್ತು. ‘ಅಬ್ಬ! ಸೋಫಾ ಕಣೇ ಇದು, ಸೋಫಾ!’

‘ಅವನು ಫೋನ್ ಮಾಡಿದಾಗ ನೀವು ಏನು ಹೇಳಿದ್ರಿ?’

‘ಎತ್ತರ ಕೇಳಿದ, ಹೇಳಿದೆ. ತೂಕ ಕೇಳಿದ. ಸರಿಯಾಗಿ ನೆನಪಿರಲಿಲ್ಲ, ಅಂಗಡಿ ತೂಕದ ಯಂತ್ರದ ಮೇಲೆ ನಿಂತು ನೋಡಿ ಹೇಳಿದೆ. ಚಪ್ಪಲಿ ಬಿಚ್ಚಿಯೇ ನಿಂತೆ. ತೋಳಿನಳತೆ ಬೇಕು ಅಂದ, ಟೇಪ್ ತಗೊಂಡು...’

‘ಯಾಕೆ ಅಂತ ಕೇಳಲಿಲ್ವಾ?’

‘ಗಾಡಿಗೆ ಅಂದ.’

‘ಯಾರ ಗಾಡಿಗೆ?’

‘ನಮ್ಮ ಗಾಡಿಗೆ.’

‘ನಮ್ಮದು ಯಾವಾಗಾಯ್ತು ಅದು? ಕೊಳ್ಳೋ ದಿನ ನೀವೂ ಇದೇ ಬೀದಿಯವರ ಜೊತೆ ನಿಂತು ನಕ್ಕಿದ್ರಿ. “ನಿನ್ನ ಗೂಳಿ” ಅಂದ್ರಿ. ಕೆಸರು ತೊಳೆಯೋವಾಗ ನನ್ನದು, ಪಂಕ್ಚರ್ ಆದಾಗ ನನ್ನದು. ಅಳತೆ ಕೊಡೋವಾಗ ನಮ್ಮದಾ?’

ಒಳಗಿನಿಂದ ಅತ್ತೆ ಬಂದರು. ಅವರಿಗೆ ಗದ್ದಲವೆಂದರೆ ಆಗದು. ಅದರ ಕಾರಣ ಕೇಳುವ ತಾಳ್ಮೆಯೂ ಇಲ್ಲ. ‘ಏನಮ್ಮ ಅದು, ಗಂಡ ಅಳತೆ ಕೊಟ್ಟಿದ್ದೂ ತಪ್ಪಾ? ಅವನಿಗೆ ಸರಿಹೋದ್ರೆ ನಿನಗೂ ಸರಿಹೋದ ಹಾಗೇ ಅಲ್ವಾ?’

‘ಹಾಗಾದ್ರೆ ಅತ್ತೆ, ನಾಳೆಯಿಂದ ನಿಮ್ಮ ಮಗನ ಕನ್ನಡಕ ನೀವು ಹಾಕ್ಕೊಳ್ಳಿ.’

‘ನೋಡಿದ್ಯೇನೋ ಇವಳ ಬಾಯಿ!’ ಎಂದರು ಅತ್ತೆ. ಮಗ ಹ್ಯಾಂಡಲ್ಲು ಹಿಡಿದುಕೊಂಡೇ ನಕ್ಕ.

ಅವಳು ಅದೇ ಬೈಕಿನಲ್ಲೇ ಕೆಲಸಕ್ಕೆ ಹೋದಳು. ಹೋಗದೆ ಏನು ಮಾಡುವುದು? ಫೋನುಗಳು ನಿಲ್ಲುವುದಿಲ್ಲ. ಟೈರು ಮಾತ್ರ ಚೆನ್ನಾಗಿದ್ದವು. ಒದ್ದೆ ರಸ್ತೆಯನ್ನು ಕಚ್ಚಿ ಹಿಡಿಯುತ್ತಿದ್ದವು. ಟೈರಿಗೆ ಗಂಡ ಹೆಂಡತಿ ಎಂಬ ಭೇದ ಗೊತ್ತಿರಲಿಲ್ಲ. ಗಾಳಿಯನ್ನು ಮಾತ್ರ ಮೇಸ್ತ್ರಿ ಇಬ್ಬರ ಭಾರಕ್ಕೆ ತುಂಬಿಟ್ಟಿದ್ದ. ಅದನ್ನು ಅವಳೇ ಇಳಿಸಿಕೊಂಡಳು. ಸ್ಪ್ರಿಂಗನ್ನು ಹಾಗೆ ಇಳಿಸಲಾಗುತ್ತಿರಲಿಲ್ಲ. ಹಳ್ಳ ಬಂದಾಗ ಅದು ಮಣಿಯದೆ ಏಟನ್ನು ನೆಟ್ಟಗೆ ಅವಳ ಬೆನ್ನಿಗೆ ದಾಟಿಸುತ್ತಿತ್ತು. ಹಳೆಯ ಸತ್ತ ಶಾಕ್‌ಗಳೇ ವಾಸಿ ಎನ್ನಿಸುವಷ್ಟು.

ಗೋದಾಮಿನ ಹಿಂದಿನ ಶೆಡ್ಡಿನ ಗೇಟಿನಲ್ಲಿ ಬೈಕು ತಿರುಗಿಸುವಾಗ ಬಲಗಡೆಯ ಹಿಡಿ ಕೈತಪ್ಪಿತು. ಕಾಲೂರಲು ನೋಡಿದಳು. ನೆಲ ಸಿಗಲಿಲ್ಲ. ಬೈಕು ಅವಳನ್ನೂ ಎಳೆದುಕೊಂಡು ಗೇಟಿಗೆ ಒರಗಿ, ನಿಧಾನವಾಗಿ, ಮರ್ಯಾದೆಯಿಂದೆಂಬಂತೆ, ಮಲಗಿತು. ಪೆಟ್ಟಿಗೆ ತೆರೆದು ಸೂಜಿಗಳು ಚೆಲ್ಲಿದವು.

ಶೆಡ್ಡಿನ ಹೆಂಗಸರು ಓಡಿ ಬಂದರು. ಮುಂದೆ ಬಂದವಳು ಕಾಜಕ್ಕ. ಗುಂಡಿಗೆ ಕಾಜ ಹಾಕುವ ಯಂತ್ರದ ಮುಂದೆ ಕೂತು ಕೂತು ಆ ಹೆಸರೇ ನಿಂತಿತ್ತು.

‘ಏಟಾಯ್ತಾ?’

‘ಇಲ್ಲ.’

‘ಏಟಾಗಿಲ್ಲ ಅಂದ್ರೆ ಯಾಕೆ ಅಳ್ತಿದ್ದೀಯ?’

‘ಅಳ್ತಿಲ್ಲ. ಕೋಪ ಬಂದಿದೆ.’

‘ಯಾರ ಮೇಲೆ?’

ಅವಳು ಎಲ್ಲವನ್ನೂ ಹೇಳಿದಳು. ಹೆಂಗಸರು ಬೈಕು ಎತ್ತಿ ನಿಲ್ಲಿಸಿದರು. ತೂಕದ ಯಂತ್ರದ ಮಾತು ಬಂದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಕಾಜಕ್ಕ ನಗಲಿಲ್ಲ. ‘ನನ್ನ ಕುರ್ಚೀನೂ ಹಾಗೇ. ಈ ಯಂತ್ರ ತಂದ ದಿನ ಯಾರೋ ಉದ್ದದವನು ಕೂತು ನೋಡಿ “ಸರಿಯಾಗಿದೆ” ಅಂದ. ಅವತ್ತಿಂದ ಕಾಲಡಿ ಇಟ್ಟಿಗೆ ಇಟ್ಕೊಂಡು ಕೂತಿದ್ದೀನಿ. ಮೊಳೆ ಹೊಡೆದು ಇಟ್ಟಿದ್ದಾರೆ ಕುರ್ಚೀನ, ನಾನು ಸರಿಸಬಾರದಂತೆ. ನೀನಾದ್ರೂ ಇಟ್ಟಿಗೆ ಇಟ್ಕೋಬೇಡ ತಾಯಿ.’

ಅವತ್ತು ಅವಳು ಕಾಜಕ್ಕನ ಯಂತ್ರದ ಕೊಕ್ಕೆಯನ್ನು ಹೊಂದಿಸಲು ಕೂತಳು. ಬೆರಳಿಗೆ ಏನೂ ತಿಳಿಯಲಿಲ್ಲ. ಊಹೆಯಲ್ಲಿ ಬಿಗಿದಳು. ಯಂತ್ರ ಓಡಿಸಿದ ಕೂಡಲೇ ಸೂಜಿ ಚಟ್ಟನೆ ಮುರಿಯಿತು. ಕಾಜಕ್ಕ ಏನೂ ಅನ್ನದೆ ಇನ್ನೊಂದು ಸೂಜಿ ಕೊಟ್ಟಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಬಿದ್ದ ಸುದ್ದಿ ಅವಳಿಗಿಂತ ಮೊದಲು ಮನೆ ಮುಟ್ಟಿತ್ತು. ಮರುದಿನ ಬೆಳಿಗ್ಗೆ ಗಂಡ ತಲೆ ಬಾಚಿ, ಕೀಲಿಕೈ ಹಿಡಿದು ತಯಾರಾಗಿ ನಿಂತಿದ್ದ.

‘ಇನ್ಮೇಲೆ ನಾನೇ ಬಿಡ್ತೀನಿ. ನೀನು ಹಿಂದೆ ಆರಾಮಾಗಿ ಕೂತ್ಕೊ.’

‘ನೋಡು, ಎಷ್ಟು ಜನಕ್ಕಿದೆ ಇಂಥ ಭಾಗ್ಯ!’ ಎಂದರು ಅತ್ತೆ. ‘ಮಹಾರಾಣಿ ಹಾಗೆ ಹೋಗಿ ಬಾ.’

ಹೊಡೆಯುವ ಗಂಡನ ಮೇಲೆ ದೂರು ಕೊಡಬಹುದು. ಕುಡಿಯುವ ಗಂಡನನ್ನು ನಾಲ್ಕು ಜನರ ಮುಂದೆ ನಿಲ್ಲಿಸಬಹುದು. ಹೆಂಡತಿಯ ಗಾಡಿಯನ್ನು ಪ್ರೀತಿಯಿಂದ ಕಿತ್ತುಕೊಂಡು, ಅದೇ ಗಾಡಿಯಲ್ಲಿ ಅವಳನ್ನು ಪ್ರೀತಿಯಿಂದ ಕೂರಿಸಿಕೊಂಡು ಹೋಗುವವನನ್ನು ಯಾವ ಕಟ್ಟೆಗೆ ಕರೆದೊಯ್ಯುವುದು? ಅವಳು ಹತ್ತಿದಳು. ಮಣಿಕಟ್ಟು ನೋಯುತ್ತಿತ್ತು, ಹೊತ್ತಾಗುತ್ತಿತ್ತು, ಜಗಳಕ್ಕೂ ಒಂದು ಚೈತನ್ಯ ಬೇಕಲ್ಲ.

ಮಹಾರಾಣಿಯ ಸವಾರಿ ಹೀಗಿತ್ತು. ಗಂಡನಿಗೆ ಅಂಗಡಿ ತೆರೆಯುವ ಹೊತ್ತಿಗೆ ಅಲ್ಲಿರಬೇಕು; ಆದ್ದರಿಂದ ಅವಳು ಶೆಡ್ಡು ತೆರೆಯುವ ಮುಂಚೆಯೇ ಗೇಟಿನಲ್ಲಿ ಕಾಯಬೇಕು. ಅಂಗಡಿ ಮುಚ್ಚಿದ ಮೇಲೆ ಅವನು ಬರಬೇಕು. ಆದ್ದರಿಂದ ಶೆಡ್ಡು ಖಾಲಿಯಾದ ಮೇಲೂ ಅವಳು ಕೂತಿರಬೇಕು. ನಡುವೆ ಬೇರೆ ಶೆಡ್ಡಿನಿಂದ ಫೋನು ಬಂದರೆ ‘ಇವತ್ತಾಗಲ್ಲ’ ಎನ್ನಬೇಕು. ದಾರಿಯಲ್ಲಿ ಪರಿಚಯದವರು ಕಂಡರೆ ಅವನು ನಿಲ್ಲಿಸುತ್ತಿದ್ದ. ಸ್ಪ್ರಿಂಗನ್ನು ಅದುಮಿ ತೋರಿಸುತ್ತಿದ್ದ. ‘ಹ್ಯಾಂಡಲ್ಲೂ ಹೊಸದು, ನನ್ನ ಅಳತೆಗೇ ಹೇಳಿ ಮಾಡಿಸಿದ್ದು.’ ಅವಳು ಹಿಂದೆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಆ ಮಾತು ಮುಗಿಯುವುದನ್ನು ಕಾಯುತ್ತಿದ್ದಳು.

ಕ್ವಾರಿಯ ರಸ್ತೆಗೆ ಅವನು ಬರಲೇ ಇಲ್ಲ. ‘ಆ ರಸ್ತೇಲಿ ಗಾಡಿ ಹಾಳಾಗುತ್ತೆ ಕಣೇ. ಹೊಸ ಶಾಕ್‌ ಬೇರೆ.’

‘ಆ ರಸ್ತೆಗೇ ಅಂತ ಶಾಕ್‌ ಹಾಕ್ಸಿದ್ದು.’

‘ಹಾಗಂತ ಹಾಳು ಮಾಡೋದಾ?’

ಕ್ವಾರಿಯ ಶೆಡ್ಡಿನವರು ಫೋನು ಮಾಡಿ ಮಾಡಿ ಸಾಕಾಗಿ ಬೇರೊಬ್ಬ ರಿಪೇರಿಯವನನ್ನು ಕರೆಸಿದರು. ಅದನ್ನು ಹೇಳಲು ಮತ್ತೆ ಫೋನು ಮಾಡಿದವರ ದನಿಯಲ್ಲಿ ಕೋಪ ಕೂಡ ಇರಲಿಲ್ಲ. ‘ನಿಮಗೆ ಈಗ ದೂರ ಆಗುತ್ತಂತಲ್ಲ ಮಷೀನಕ್ಕ. ಪರವಾಗಿಲ್ಲ, ಆರಾಮಾಗಿರಿ.’

ಆ ‘ಆರಾಮಾಗಿರಿ’ ಅವಳನ್ನು ಎಬ್ಬಿಸಿತು. ಮರುದಿನ ಗಂಡ ಸ್ನಾನಕ್ಕೆ ಹೋದಾಗ ಕೀಲಿಕೈ ತೆಗೆದುಕೊಂಡು, ಪೆಟ್ಟಿಗೆಯನ್ನು ಹಿಂದಿನ ಸೀಟಿನ ಮೇಲಿಟ್ಟಳು. ತುದಿಬೆರಳಲ್ಲಿ ನೆಲ ಒದೆಯುತ್ತ, ಎಡಕ್ಕೆ ತಿರುಗುವ ಕಡೆಯಲ್ಲೆಲ್ಲ ಇಳಿದು ತಳ್ಳುತ್ತ, ಬೈಕನ್ನು ಗ್ಯಾರೇಜಿಗೆ ತಂದು ನಿಲ್ಲಿಸಿದಳು.

‘ಬಿಚ್ಚು ಮೇಸ್ತ್ರಿ. ಹ್ಯಾಂಡಲ್ಲು ಹಿಂದಕ್ಕೆ ಬರಬೇಕು. ಸ್ಪ್ರಿಂಗು ನನ್ನ ತೂಕದ್ದು ಹಾಕು. ಟೇಪ್ ತಗೋ, ಅಳತೆ ಈಗಲೇ ತಗೋ. ಈ ಸಲ ಫೋನು ಬೇಡ.’

ಮೇಸ್ತ್ರಿ ತಲೆ ಕೆರೆದ. ‘ಮಾಡಬಹುದು ಅಕ್ಕ. ಅದೇನು ದೊಡ್ಡ ಕೆಲಸ ಅಲ್ಲ. ಆದ್ರೆ...’

‘ಆದ್ರೆ?’

‘ಮೊನ್ನೆ ಯಜಮಾನ್ರು ಬಂದಿದ್ರು. ನಿಮ್ಮ ಯಜಮಾನ್ರು. “ಅವಳು ಬಂದು ಬಿಚ್ಚು ಅಂದ್ರೆ ನನ್ನ ಕೇಳದೆ ಬಿಚ್ಬೇಡ” ಅಂದಿದ್ದಾರೆ.’

‘ನನ್ನ ಗಾಡಿ ಬಿಚ್ಚೋಕೆ ಅವರನ್ನ ಕೇಳ್ಬೇಕು. ನನ್ನ ಗಾಡಿ ಕಟ್ಟೋವಾಗ ನನ್ನ ಕೇಳಿದ್ಯಾ?’

‘ಕೇಳಿದ್ದೆ ಅಕ್ಕ! ಫೋನ್ ಮಾಡಿದ್ದೆ! ಯಜಮಾನ್ರ ಅಳತೆ ಅಂತ ನೀವೇ...’

‘ಮತ್ತೆ ಅಲ್ಲಿಗೇ ಬಂದ್ಯಾ!’

ಅವಳು ತಲೆಯ ಮೇಲೆ ಕೈ ಹೊತ್ತು ಗೋಡೆಯ ಪಕ್ಕ ಅಡ್ಡ ಬಿದ್ದಿದ್ದ ಹಳೆಯ ಟೈರಿನ ಮೇಲೆ ಕೂತಳು. ಮೇಸ್ತ್ರಿ ಪಾಪ ಅನ್ನಿಸುವಂಥ ಮುಖ ಮಾಡಿಕೊಂಡು ಚಹಾ ತರಿಸಲೇ ಎಂದು ಕೇಳಿದ. ಅವಳು ಬೇಡ ಎಂದಳು. ಅವನು ಆಚೆ ಹೋಗಿ ದನಿ ತಗ್ಗಿಸಿ ಫೋನಿನಲ್ಲಿ ಮಾತಾಡಿದ. ಯಾರೊಂದಿಗೆ ಎಂದು ಅವಳು ಕೇಳಬೇಕಾಗಿರಲಿಲ್ಲ.

ಗಂಡ ಆಟೋದಲ್ಲಿ ಬಂದಿಳಿದ. ಅಂಗಡಿಯ ಬಿಳಿ ಕೋಟು ತೊಟ್ಟಿದ್ದ. ಈ ಸಲ ನಗುತ್ತಿರಲಿಲ್ಲ. ಬೀದಿಯಲ್ಲಿ ಇಬ್ಬರು ಮೂವರು ಆಗಲೇ ನಿಂತು ನೋಡುತ್ತಿದ್ದರು.

‘ಏನಿದು? ಹೇಳದೆ ಕೇಳದೆ ಗಾಡಿ ತಗೊಂಡು ಬರೋದಾ?’

‘ಬಿಚ್ಚೋಕೆ ಹೇಳಿ ಅವನಿಗೆ. ನಿಮ್ಮ ಬಾಯಲ್ಲಿ ಬಂದ್ರೆ ಬಿಚ್ತಾನಂತೆ.’

‘ಚೆನ್ನಾಗಿರೋದನ್ನ ಯಾಕೆ ಬಿಚ್ಚಬೇಕು? ನಿನಗೆ ಕಷ್ಟ ಆಗಬಾರದು ಅಂತಾನೇ ನಾನು ದಿನಾ ಬಿಡ್ತಿರೋದು. ಅಷ್ಟೂ ಅರ್ಥ ಆಗಲ್ವಾ?’

‘ಅರ್ಥ ಆಗ್ತಿದೆ. ಕ್ವಾರಿ ಶೆಡ್ಡು ಹೋಯ್ತು. ಹಳಿಯಾಚೆಯವರೂ ಬೇರೆಯವರನ್ನ ಹುಡುಕ್ತಿದ್ದಾರೆ. ಇನ್ನು ಸ್ವಲ್ಪ ದಿನಕ್ಕೆ ನನ್ನನ್ನ ಎಲ್ಲಿಗೂ ಬಿಡೋ ಕಷ್ಟಾನೇ ನಿಮಗಿರಲ್ಲ.’

ಅವನು ಬೀದಿಯವರ ಕಡೆ ನೋಡಿದ, ಮೇಸ್ತ್ರಿಯ ಕಡೆ ನೋಡಿದ. ಮೇಸ್ತ್ರಿ ನೆಲ ನೋಡುತ್ತಿದ್ದ. ಗಂಡ ಬೈಕಿನ ಮೇಲೆ ಕೂತ. ಅದು ಅವನಿಗೆ ಎಂದಿನಂತೆ ಹದವಾಗಿ ತಗ್ಗಿತು. ಎಂಜಿನ್ನು ಶುರು ಮಾಡಿದ.

‘ಮನೇಲಿ ಮಾತಾಡೋಣ. ಹತ್ತು.’

ಅವಳು ಟೈರಿನ ಮೇಲಿಂದ ಏಳಲಿಲ್ಲ.

‘ಹತ್ತು ಅಂದೆ. ಜನ ನೋಡ್ತಿದ್ದಾರೆ.’

‘ಹೋಗಿ ಅಕ್ಕ,’ ಮೇಸ್ತ್ರಿಯೂ ಸಣ್ಣ ದನಿಯಲ್ಲಿ ಸೇರಿಸಿದ, ‘ಮನೆ ಮಾತು ಮನೇಲಿ ಮುಗೀಲಿ. ನಾಳೆ ನೋಡೋಣ.’

ಎಂಜಿನ್ನು ಗುಡುಗುಡು ಎನ್ನುತ್ತ ಕಾಯುತ್ತಿತ್ತು. ಅವಳು ಪೆಟ್ಟಿಗೆಯನ್ನು ಹಿಂದಿನ ಸೀಟಿನ ಮೇಲಿಂದ ಎತ್ತಿ ತಂದು, ತನ್ನ ಕಾಲ ಬಳಿ ಇಟ್ಟುಕೊಂಡು, ಮತ್ತೆ ಟೈರಿನ ಮೇಲೆ ಕೂತಳು.

‘ನಾನು ಹತ್ತಲ್ಲ,’ ಎಂದಳು. ‘ನೀವು ಇಳೀರಿ.’